ಎರಡು ಉಂಗುರದ ಪಟ್ಟಿ

ಲೈಟು ಆರಿಸಬೇಡಿ. ಇರಲಿ ಬಿಡಿ... ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು.

ಅವಳು ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಅವತ್ತು ಸಂಜೆ ಶಿಫ್ಟ್ ಮುಗಿಸಿ ಬೈಕ್ ಹತ್ತಿದಾಗಲೇ ತಡವಾಗಿತ್ತು. ಪೇಟೆ ದಾಟಿ ಬಾವಿ ತಿರುವು ಇನ್ನೇನು ಬರಬೇಕು... ಹಿಂದಿನ ಚಕ್ರ ಬಾಲ ಆಡಿಸಿದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ಗಾಬರಿಯಲ್ಲಿ ಬ್ರೇಕ್ ಒತ್ತಿ ರಸ್ತೆ ಮೇಲೆ ಮಲಗಿರುತ್ತಿದ್ದರು. ಅವಳು ಒತ್ತಲಿಲ್ಲ. ಆಕ್ಸಿಲರೇಟರ್ ಬಿಟ್ಟಳು, ಹ್ಯಾಂಡಲ್ ನೆಟ್ಟಗೆ ಹಿಡಿದಳು, ಗಾಡಿ ತಾನಾಗಿ ಸುಸ್ತಾಗುವವರೆಗೆ ಕಾದು ಪಕ್ಕಕ್ಕೆ ತಂದು ನಿಲ್ಲಿಸಿದಳು. ಇಳಿದು ನೋಡಿದರೆ ಪಂಕ್ಚರ್.

"ಥೂ, ಇವರ ಮನೆ ಹಾಳಾಗ!" ಅಂದಳು.

ಬೈದದ್ದು ಚಕ್ರಕ್ಕಲ್ಲ, ರಸ್ತೆಗೆ. ಜಲ್ಲಿ ಹೊತ್ತ ಲಾರಿಗಳು ಆ ತಿರುವಿನಲ್ಲಿ ದಿನಾ ಅರ್ಧ ಬುಟ್ಟಿ ಜಲ್ಲಿ ಚೆಲ್ಲಿಯೇ ಮುಂದೆ ಹೋಗೋದು. ಅವಳು ಒಂದು ಆಫೀಸಿಗೆ ಹೋಗಿ ದೂರು ಕೊಟ್ಟರೆ, "ಇದು ನಮಗೆ ಬರಲ್ಲ ಮೇಡಂ, ಆ ಆಫೀಸಿಗೆ ಹೋಗಿ" ಅಂದರು. ಆ ಆಫೀಸಿನವರು ಮತ್ತೆ ಇಲ್ಲಿಗೇ ಅಟ್ಟಿದರು. ತಲೆ ಕೆಟ್ಟು ಒಂದು ಭಾನುವಾರ ತಾನೇ ಪೊರಕೆ ತಂದು ತಿರುವು ಪೂರ್ತಿ ಗುಡಿಸಿದ್ದಳು. ಹೋಗಿ ಬರುವವರೆಲ್ಲ ಇವಳಿಗೇನಾಗಿದೆ ಅಂತ ನೋಡಿ ನಕ್ಕರು. ಸಂಜೆ ಹೊತ್ತಿಗೆ ಮತ್ತೆ ಅಲ್ಲಿ ಜಲ್ಲಿ.

ಸರಿ, ಆ ರಾತ್ರಿ ತಳ್ಳಿಕೊಂಡು ಹೊರಟಳು. ಭಾರದ ಗಾಡಿ. ಗಾಳಿ ಇಲ್ಲದ ಚಕ್ರ ಪಚ್... ಪಚ್... ಅನ್ನುತ್ತಿತ್ತು. ಬೂಟಿನಡಿ ಜಲ್ಲಿ ಕರಕರ ಅನ್ನುತ್ತಿತ್ತು. ತಿರುವಿನ ಒಳಮಗ್ಗುಲಿಗೆ ಬಾವಿ. ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರ ಮೇಲೆ ಬಾಗಿದ ದೊಡ್ಡ ಮರ, ಉರಿಯದ ಬೀದಿದೀಪ. ಆ ಬಾವಿ ನೀರು ಯಾರಾದರೂ ಸೇದಿ ಎಷ್ಟೋ ಕಾಲವಾಗಿತ್ತು.

ಟಿಣ್...

ಅವಳು ನಿಂತಳು. ಪಚ್ ಪಚ್ ನಿಂತಿತು. ಕರಕರ ನಿಂತಿತು. ಆದರೆ ಅದು ನಿಲ್ಲಲಿಲ್ಲ.

ಟಿಣ್... ಟಿಣ್...

ಎರಡು ಸಣ್ಣ ಉಂಗುರ ಒಂದಕ್ಕೊಂದು ತಾಗುವ ಸದ್ದು. ಬೈಕ್ ಓಡಿಸುವವರಿಗೆ ಚೆನ್ನಾಗಿ ಗೊತ್ತಿರುವ ಸದ್ದು. ಒಳ್ಳೆ ಹೆಲ್ಮೆಟ್ಟಿಗೆ ಗದ್ದದ ಕೆಳಗೆ ಎರಡು ಉಂಗುರದ ಪಟ್ಟಿ ಇರುತ್ತಲ್ಲ, ಹಾಕದೆ ಜೋತುಬಿಟ್ಟರೆ ಹೀಗೇ ಸದ್ದಾಗೋದು.

ಕಣ್ಣು ಕಿರಿದು ಮಾಡಿ ನೋಡಿದಳು. ಕಟ್ಟೆಯ ಮೇಲೆ ಒಬ್ಬ ಗಂಡಸು ಕೂತಿದ್ದ. ತಲೆಗೆ ಹೆಲ್ಮೆಟ್, ಗಾಜು ಇಳಿಸಿತ್ತು. ಪಟ್ಟಿ ಎರಡೂ ಕಡೆ ಜೋತಾಡುತ್ತಿತ್ತು. ಹತ್ತಿರ ಗಾಡಿ ಕಾಣಲಿಲ್ಲ. ದಾರಿಯಲ್ಲಿ ಬೈಕಿನವರು ನಿಂತಿದ್ದರೆ ಇನ್ನೊಬ್ಬ ಬೈಕಿನವರು ನಿಂತು ವಿಚಾರಿಸಬೇಕು ಅನ್ನೋದು ಅವಳ ಪದ್ಧತಿ. ತನ್ನದೇ ಗಾಡಿ ಕೆಟ್ಟಿದ್ದರೂ ಸರಿ.

"ಏನಾಯ್ತಣ್ಣ? ಗಾಡಿ ಎಲ್ಲಿ?"

ಹೆಲ್ಮೆಟ್ಟಿನೊಳಗಿಂದ ತುಂಬ ಸಣ್ಣಗೆ...

"ಪಟ್ಟಿ..."

"ಏನು?"

"ಈ ಪಟ್ಟಿ ಹಾಕೋಕೆ ಬರ್ತಿಲ್ಲ ತಂಗಿ..."

ನಿಮಗಾಗಿದ್ದರೆ ಎದೆ ಝಲ್ ಅಂದಿರುತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಯಾಕೆ ಅಂದರೆ ಅವತ್ತು ದಿನವಿಡೀ ಅವಳು ನೋಡಿದ್ದು ಅದನ್ನೇ. ಮಧ್ಯಾಹ್ನ ಒಬ್ಬರು ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಬೈಕ್ ಓಡಿಸಿ ಬಿದ್ದು, ಆ ಮೊಣಕೈಯನ್ನೂ ಮುರಿದುಕೊಂಡು ಬಂದಿದ್ದರು. "ಮೊಣಕೈಗೆ ಹಾಕಿದ್ರಲ್ಲ ಸರ್, ಅದಾದ್ರೂ ಉಳೀಬಾರದಿತ್ತಾ?" ಅಂತ ಕೇಳಿ ಅವರ ಹೆಂಡತಿ ಕೈಲಿ ಬೈಸಿಕೊಂಡಿದ್ದಳು. ಇವಳೋ ಸುಡು ಬಿಸಿಲಿರಲಿ, ಹಾಲು ತರೋಕೆ ಹೋಗಲಿ... ಜಾಕೆಟ್, ಗ್ಲೌಸ್, ಬೂಟು, ಹೆಲ್ಮೆಟ್ ಬಿಟ್ಟವಳಲ್ಲ. ಆಸ್ಪತ್ರೆಯಲ್ಲಿ ಅವಳಿಗೆ 'ಗಗನಯಾತ್ರಿ' ಅಂತಲೇ ಹೆಸರು. "ಗಗನಯಾತ್ರಿ ಬಂದಳು, ರಾಕೆಟ್ ಎಲ್ಲಿ ನಿಲ್ಲಿಸಿದೆಯಮ್ಮ?" ಅಂತ ನಗುವ ನರ್ಸುಗಳೇ ಸಂಜೆ ಒಂದೇ ಸ್ಕೂಟರಿನಲ್ಲಿ ಮೂವರು ಬರಿತಲೆಯಲ್ಲಿ ಮನೆಗೆ ಹೋಗೋರು.

ಬೈಕನ್ನು ಪಕ್ಕದ ಸ್ಟ್ಯಾಂಡಿಗೆ ಒರಗಿಸಿದಳು. ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದಳು. "ತಲೆ ಎತ್ತಿ" ಅಂದಳು. ಅವನು ಎತ್ತಿದ. ಪಟ್ಟಿ ಹಿಡಿದಳು. ಒದ್ದೆ. ಹಿಂಡಿದರೆ ನೀರು ಬರುವಷ್ಟು ಒದ್ದೆ. ಎರಡೂ ಉಂಗುರದೊಳಗೆ ತೂರಿಸಿ ಹಿಂದಕ್ಕೆ ತಂದು ಎಳೆದಳು. ಗದ್ದಕ್ಕೆ ತಾಗಿದ ಕೂಡಲೇ ನಿಲ್ಲಿಸಬೇಕು ಅಂತ ಬೆರಳನ್ನು ಅಡಿಗಿಟ್ಟಿದ್ದಳು.

ಎಳೆದಳು... ಇನ್ನೂ ಎಳೆದಳು... ಪಟ್ಟಿ ಬರುತ್ತಲೇ ಇತ್ತು.

ಬೆರಳಿಗೆ ಗದ್ದ ಸಿಗಲಿಲ್ಲ.

ಕುತ್ತಿಗೆಯೂ ಸಿಗಲಿಲ್ಲ. ಬಾವಿಯ ಬಾಯಿಂದ ಏಳುವಂಥ ತಣ್ಣನೆ ಗಾಳಿ ಮಾತ್ರ ಹೆಲ್ಮೆಟ್ಟಿನೊಳಗಿಂದ ಅವಳ ಬೆರಳ ಮೇಲೆ ಬೀಸುತ್ತಿತ್ತು.

ಕೈ ಬಿಟ್ಟಳು. ಆದರೂ ನೋಡಿ ಅವಳ ಬುದ್ಧಿ! ಬೇರೆಯವರಾದರೆ ಗಾಡಿ ಅಲ್ಲೇ ಬಿಸಾಕಿ ಓಡುತ್ತಿದ್ದರು. ಇವಳು ಆ ಭಾರದ ಬೈಕನ್ನು ತಳ್ಳಿಕೊಂಡೇ ಓಡಿದಳು. ಪಚ್ ಪಚ್ ಪಚ್ ಪಚ್... ಹಿಂದೆ ತಿರುಗಲಿಲ್ಲ. ಮೊದಲ ಮನೆಯ ದೀಪ ಕಾಣುವವರೆಗೂ ಕಿವಿಯಲ್ಲಿ ಟಿಣ್... ಟಿಣ್...

ಮನೆಯಲ್ಲಿ ಹೇಳಬಾರದಿತ್ತು. ಆದರೆ ಮುಖ ನೋಡಿದ ಅಮ್ಮ ಬಿಡಬೇಕಲ್ಲ. ಎಲ್ಲ ಕೇಳಿ ಮುಗಿಸಿ ಅಮ್ಮ ಹೇಳಿದ್ದೇನು ಗೊತ್ತೇ?

"ಬಾವಿ ಹತ್ರ ಏನೂ ಇಲ್ಲ. ದೆವ್ವ ಹೊಕ್ಕಿರೋದು ನಿನ್ನ ತಲೇಲಿ. ಬೈಕ್ ದೆವ್ವ! ಹೆಣ್ಣುಮಗಳಿಗೆ ಬೇಕಾ ಇದು? ಮಾರಿ ಹಾಕು ಅಂತ ಬಾಯಿ ಬಡ್ಕೊಂಡೆ, ಕೇಳಿದ್ಯಾ?"

ತಮ್ಮ ಸೋಫಾ ಮೇಲೆ ಬಿದ್ದುಕೊಂಡು ಮೊಬೈಲ್ ನೋಡುತ್ತಿದ್ದ. ಮನೆಯಲ್ಲಿ ಅವನನ್ನು ಈಗಲೂ ಪುಟ್ಟ ಅಂತಲೇ ಕರೆಯೋದು, ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಿದ್ದರೂ. "ಅಕ್ಕಾ, ನಮಗೆ ಮಾಡಿದ ಹೆಲ್ಮೆಟ್ ಪಾಠ ಸಾಲ್ದು ಅಂತ ದೆವ್ವಕ್ಕೂ ಮಾಡಿದ್ಯಾ?" ಅಂತ ಬಿದ್ದು ಬಿದ್ದು ನಕ್ಕ.

ಮಾರಬೇಕಂತೆ! ಅವಳಿಗೆ ಆ ಬೈಕ್ ಏನು ಅನ್ನೋದು ಆ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ದಿನವಿಡೀ ಕಿಟಕಿಯಿಲ್ಲದ ಕೋಣೆ. "ಉಸಿರು ಹಿಡೀರಿ... ಬಿಡಿ..." ಅಂತ ಹೇಳಿ ಹೇಳಿ ತನ್ನ ಉಸಿರೇ ಮರೆತು ಹೋಗುವಂಥ ಕೆಲಸ. ಸಂಜೆ ಹೊರಬಂದು ಕಿಕ್ ಹೊಡೆದು, ಇಂಜಿನ್ ಡುಗು ಡುಗು ಅಂತ ಮೊಣಕಾಲಿನಿಂದ ಎದೆವರೆಗೆ ಹತ್ತುವಾಗ ಮಾತ್ರ ಅವಳು ಪೂರ್ತಿ ಉಸಿರು ಬಿಡುತ್ತಿದ್ದಳು. ಭಾನುವಾರ ಬಂತೆಂದರೆ ಚೈನಿಗೆ ಎಣ್ಣೆ, ಬ್ರೇಕಿನ ತಪಾಸಣೆ, ಹಳೇ ಬಟ್ಟೆಯಲ್ಲಿ ಒರೆಸುವುದು. ಆಮೇಲೆ ಎಲ್ಲಿಗೆ ಅಂತಿಲ್ಲ, ರಸ್ತೆ ಚೆನ್ನಾಗಿದ್ದ ಕಡೆ. ಅಷ್ಟು ಇಷ್ಟ ಇದ್ದದ್ದಕ್ಕೇ ಅವಳು ಅಷ್ಟು ಹುಷಾರು. ಇದನ್ನು ಯಾರಿಗೆ ಹೇಳೋದು? ಗೋಡೆಗೆ ಹೇಳಿದ ಹಾಗೆ.

ಮಾರನೇ ದಿನ ಆಂಬುಲೆನ್ಸ್ ಡ್ರೈವರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು. "ಬಾವಿ ತಿರುವಲ್ಲಿ ಯಾರಾದ್ರೂ ತೀರಿಹೋಗಿದಾರಾ ಅಣ್ಣ?"

ಅವನು ಲೋಟ ಕೆಳಗಿಟ್ಟ. "ಯಾಕಮ್ಮ?"

"ಸುಮ್ನೆ."

"ಒಬ್ಬ. ಬೇಕರಿಯವನು. ನೀನು ಈ ಆಸ್ಪತ್ರೆಗೆ ಸೇರೋ ಮುಂಚೆ. ಬೆಳಗಿನ ಬ್ರೆಡ್ಡು ಬೇಯಿಸೋಕೆ ನಡುರಾತ್ರೀಲಿ ಹೊರಡ್ತಿದ್ದ. ಹೆಂಡತಿ ಒಳ್ಳೆ ಹೆಲ್ಮೆಟ್ ಕೊಡಿಸಿದ್ದಳಂತೆ. ಎರಡು ಉಂಗುರದ್ದು. ಅದನ್ನ ಹಾಕೋದು ಗೊತ್ತಾಗಲ್ಲ ಅಂತ ಸುಮ್ನೆ ತಲೆ ಮೇಲೆ ಇಟ್ಕೊಂಡು ಓಡಾಡ್ತಿದ್ದ." ಡ್ರೈವರ್ ದನಿ ಇನ್ನೂ ತಗ್ಗಿಸಿದ. "ಜಲ್ಲಿ ಮೇಲೆ ಜಾರಿದ. ಅವನು ನೆಲ ಮುಟ್ಟೋ ಮೊದಲೇ ಹೆಲ್ಮೆಟ್ ಹಾರಿ ಬಾವಿಗೆ ಬಿತ್ತು. ಅವನನ್ನ ತಂದವನು ನಾನೇ... ಅದನ್ನ ಕೇಳಬೇಡ."

ಅವಳು ಲೋಟ ಎತ್ತಿಕೊಂಡು ಎದ್ದಳು.

ಆ ದಾರಿ ಬಿಟ್ಟು ಮನೆಗೆ ಬೇರೆ ದಾರಿಯಿಲ್ಲ. ಪಂಕ್ಚರ್ ಹಾಕಿಸಿದ ಮೇಲೆ ಮತ್ತೆ ಅಲ್ಲೇ ಹೋಗಬೇಕಾಯಿತು. ಕೆಲವು ರಾತ್ರಿ ಏನೂ ಕೇಳಿಸಲಿಲ್ಲ. ಕೆಲವು ರಾತ್ರಿ ಇಂಜಿನ್ನಿನ ಸದ್ದಿನ ನಡುವೆಯೂ ಕೇಳಿಸುತ್ತಿತ್ತು. ಟಿಣ್... ಹೆದರಿಕೆ ಎಷ್ಟು ದಿನ ಇರುತ್ತೆ ಹೇಳಿ? ಒಂದು ದಿನ ಅವಳಿಗೆ ರೇಗಿ ಹೋಯಿತು.

ಅವತ್ತು ಬೆಳಿಗ್ಗೆ ಅಮ್ಮನ ಜೊತೆ ಜಗಳ. ಮಧ್ಯಾಹ್ನ ಜಲ್ಲಿ ವಿಷಯಕ್ಕೆ ಮತ್ತೆ ಆಫೀಸಿಗೆ ಹೋದರೆ, "ನೀವು ನಿಧಾನ ಓಡಿಸಿ ಮೇಡಂ, ಲೇಡೀಸ್‌ಗೆಲ್ಲ ಯಾಕೆ ದೊಡ್ಡ ಬೈಕು?" ಅಂತ ಬುದ್ಧಿವಾದ. ಸಂಜೆ ಆಸ್ಪತ್ರೆ ಗೇಟಿನಲ್ಲಿ ನೋಡಿದರೆ ತಮ್ಮ, ಗೆಳೆಯನ ಬೈಕಿನಲ್ಲಿ ಬರಿತಲೆಯಲ್ಲಿ ಕೈಬಿಟ್ಟು ಓಡಿಸುತ್ತಾ ಎದುರಿಗೆ ಬಂದು ಹಲ್ಲು ಕಿರಿದಿದ್ದ. ಇಷ್ಟೆಲ್ಲ ಆದ ಮೇಲೆ ರಾತ್ರಿ ಆ ತಿರುವಿನಲ್ಲಿ...

"ತಂಗಿ... ಈ ಪಟ್ಟಿ..."

ಬ್ರೇಕ್ ಹಾಕಿದಳು. ಕ್ಲಚ್ ಹಿಡಿದೇ ಇದ್ದಳು, ಬೇಕಾದರೆ ಹಾರಿಹೋಗೋಕೆ. ಗಾಜು ಮೇಲೆತ್ತಿದಳು. ಅವನು ಕಟ್ಟೆ ಮೇಲೇ ಕೂತಿದ್ದ.

"ಈಗ ಕೇಳ್ತೀಯಾ? ಈಗ?" ಅಂತ ಕೂಗಿದಳು. "ಬದುಕಿದ್ದಾಗ ಕೇಳಬೇಕಿತ್ತು ಕಣಣ್ಣ! ಹೆಂಡತಿ ತಂದುಕೊಟ್ಟಿದ್ದಳಲ್ಲ, ಅಂಗಡಿಯವನನ್ನ ಕೇಳೋಕೆ ಬಾಯಿರಲಿಲ್ವಾ? ನಾನು ಎಷ್ಟು ಜನಕ್ಕೆ ಅಂತ ಹೇಳಲಿ? ಬದುಕಿರೋರೂ ಕೇಳಲ್ಲ, ಸತ್ತೋರು ಬೆನ್ನು ಬಿಡಲ್ಲ! ನಿಮಗೆಲ್ಲ ನಾನೊಬ್ಬಳೇ ಸಿಕ್ಕಿದ್ನಾ?"

ಕೂಗಿ ಕೂಗಿ ದನಿ ಒಡೆಯಿತು. ಅವನು ಮೆತ್ತಗೆ...

"ಯಾರೂ ತೋರಿಸಿಕೊಡಲಿಲ್ಲ ತಂಗಿ..."

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದಳು. ತನ್ನ ಪಟ್ಟಿಯನ್ನೇ ಬಿಚ್ಚಿದಳು.

"ಸರಿ. ನೋಡು. ಒಂದೇ ಸಲ ಹೇಳ್ತೀನಿ." ಗುಟ್ಟು ಹೇಳುವ ಹಾಗೆ ಪಿಸುಗುಟ್ಟಿದಳು. "ಮೊದಲು ಎರಡೂ ಉಂಗುರದೊಳಗೆ ತೂರಿಸು. ಗೊತ್ತಾಯ್ತಾ? ಈಗ ತುದಿ ಹಿಂದಕ್ಕೆ ತಿರುಗಿಸಿ, ಎರಡರ ಮಧ್ಯದಿಂದ ತೆಗಿ. ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ ಬರಬೇಕು. ಈಗ ಎಳಿ. ಗದ್ದದಡಿ ಎರಡು ಬೆರಳು ಹೋಗೋಷ್ಟು ಬಿಡು, ಸಾಕು. ಉಳಿದ ತುದಿ ಗಾಳಿಗೆ ಹೊಡ್ಕೋಬಾರದು, ಈ ಗುಂಡಿಗೆ ಸಿಕ್ಕಿಸು."

ಟಿಕ್. ಅವಳ ಗುಂಡಿ ಕೂತಿತು.

ಕತ್ತಲಲ್ಲಿ ಅವನ ಕೈ ಗದ್ದವಿರಬೇಕಾದ ಕಡೆ ತಡಕಾಡುವುದು ಕಾಣಿಸಿತು. ತಡಕಾಡಿತು... ತಡಕಾಡಿತು... ಆಮೇಲೆ ಬಾವಿಯೊಳಗಿಂದ ದುಬುಕ್ ಅಂತ ಒಂದು ಸದ್ದು. ಕಟ್ಟೆ ಖಾಲಿ.

ಅದಾದ ಮೇಲೆ ಆ ಟಿಣ್ ಟಿಣ್ ಕೇಳಿಸಲಿಲ್ಲ.

ಆದರೆ ಆ ರಾತ್ರಿ ಹಿಂದಿನಿಂದ ಬಂದ ಟೆಂಪೋದವನೊಬ್ಬ ಅವಳನ್ನು ನೋಡಿದ್ದ. ಅಮ್ಮನ ಕಿವಿಗೆ ಸುದ್ದಿ ಹೋಯಿತು. ಮಗಳು ನಡುರಾತ್ರಿ ಒಬ್ಬಳೇ ನಿಂತು ಬಾವಿಗೆ ಬೈತಿದ್ದಳಂತೆ! ಅಮ್ಮ ಬೈಕಿನ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. "ಇನ್ನು ಮೇಲೆ ಬಸ್ಸಲ್ಲಿ ಹೋಗು. ನಿನ್ನ ಜೀವಕ್ಕೇನಾದ್ರೂ ಆದ್ರೆ ನಾನು ಬದುಕಿರಲ್ಲ" ಅಂತ ಅತ್ತರು. ಕಣ್ಣೀರಿನ ಎದುರು ಯಾವ ನ್ಯಾಯ ಹೇಳೋದು? ಬಸ್ಸಿನಲ್ಲಿ ಹೋದಳು. ಕಂಬಿ ಹಿಡಿದು, ಯಾರದೋ ಚೀಲ ಕಾಲ ಮೇಲೆ ಇಡಿಸಿಕೊಂಡು, ಕಿಟಕಿಯಾಚೆ ಹಾದುಹೋಗುವ ಒಂದೊಂದು ಬೈಕಿನ ಸದ್ದಿಗೂ ಕತ್ತು ಹೊರಳಿಸುತ್ತಾ.

ಕಡೆ ಬಸ್ಸು ತಪ್ಪುವಷ್ಟು ತಡವಾದ ದಿನ ಒಂದು ಬಂತು. ಬದಲಿಗೆ ಬರಬೇಕಾದವನು ಬಂದಿರಲಿಲ್ಲ. ಮನೆಗೆ ಫೋನ್ ಮಾಡಿ, "ಇಲ್ಲೇ ಇರ್ತೀನಿ, ಬೆಳಿಗ್ಗೆ ಬರ್ತೀನಿ" ಅಂದಳು.

"ಏನೂ ಬೇಡ" ಅಂದರು ಅಮ್ಮ. "ಪುಟ್ಟನ್ನ ಕಳಿಸ್ತೀನಿ. ನಿನ್ನ ಬೈಕ್ ಇದೆಯಲ್ಲ."

"ಅಮ್ಮಾ! ನನಗೆ ಕೀಲಿ ಕೊಡಲ್ಲ, ಅವನಿಗೆ ಕೊಡ್ತೀಯಾ? ಅವನು ಆ ಗಾಡಿ ಸರಿಯಾಗಿ ಓಡಿಸಿಯೇ ಇಲ್ಲ!"

"ಅವನು ಗಂಡು ಹುಡುಗ, ಹೇಗೋ ಬರ್ತಾನೆ."

"ಹೆಲ್ಮೆಟ್ ಹಾಕ್ಕೊಂಡು ಬರೋಕೆ ಹೇಳು! ಅಮ್ಮಾ, ಕೇಳ್ತಿದೀಯಾ..."

ಫೋನ್ ಇಟ್ಟಾಗಿತ್ತು. ತಮ್ಮನಿಗೆ ಮಾಡಿದರೆ ಅವನು ಎತ್ತಲಿಲ್ಲ. ಆಗಲೇ ಹೊರಟಿದ್ದ. ಅಮ್ಮ ಹೆಲ್ಮೆಟ್ ಏನೋ ಕೊಟ್ಟು ಕಳಿಸಿದ್ದರು. ಅವಳ ಹೆಲ್ಮೆಟ್, ಬರುವಾಗ ಅವಳಿಗೆ ಬೇಕಲ್ಲ ಅಂತ. ಅವನು ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೊರಟಿದ್ದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡಿದ್ದಾರೆ.

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಚಕ್ರ ಗಡಗಡ ಅಂತ ಎಕ್ಸ್‌ರೇ ಕೋಣೆ ಕಡೆಗೇ ಬಂತು. ಮೇಲೆ ತಮ್ಮ. ಜಾಕೆಟ್ಟಿಲ್ಲ, ಗ್ಲೌಸಿಲ್ಲ. ಅಂಗಿಯ ಭುಜ ಹರಿದು ನೆತ್ತರು. ಆದರೆ ತಲೆಗೆ ಹೆಲ್ಮೆಟ್ ಇತ್ತು. ಅವಳದೇ ಹೆಲ್ಮೆಟ್. ಅದರ ಒಂದು ಮಗ್ಗುಲು ರಸ್ತೆಗೆ ಉಜ್ಜಿ ಬಿಳಿ ಥರ್ಮಾಕೋಲು ಕಾಣುವಷ್ಟು ಸವೆದಿತ್ತು. ಆ ಸವೆತ ಕೆನ್ನೆಯ ಮೇಲೆ ಆಗಿದ್ದರೆ... ಅವಳು ಅದನ್ನು ಯೋಚಿಸದಂತೆ ತಡೆದುಕೊಂಡಳು.

"ಬಾವಿ ತಿರುವು" ಅಂದ ಡ್ರೈವರ್. ಅವಳ ಕಣ್ಣು ನೋಡಲಿಲ್ಲ. "ಹೆಲ್ಮೆಟ್ ನಾನು ಮುಟ್ಟಿಲ್ಲಮ್ಮ. ಹೇಗಿತ್ತೋ ಹಾಗೇ ತಂದಿದೀನಿ."

"ಒಳ್ಳೇದು ಮಾಡಿದಿರಿ. ಯಾರೂ ಎಳೀಬೇಡಿ" ಅಂದರು ಡ್ಯೂಟಿ ಡಾಕ್ಟರ್. "ಮೊದಲು ಹಾಗೇ ಕುತ್ತಿಗೆದು ತೆಗೀರಿ, ಮೂಳೆ ಸರಿ ಇದ್ರೆ ಆಮೇಲೆ ಬಿಚ್ಚೋಣ."

ತಮ್ಮನಿಗೆ ಅರೆಬರೆ ಎಚ್ಚರ. ತುಟಿ ಅಲ್ಲಾಡಿತು. ಅವಳು ಕಿವಿ ಹತ್ತಿರ ತಂದಳು.

"ಅಕ್ಕಾ... ಬಿಗಿ ಆಗ್ತಿದೆ... ಬೇಡ ಅಂದ್ರೂ ಬಿಡಲಿಲ್ಲ..."

"ಯಾರು?"

ಅವನು ಮತ್ತೆ ಕಣ್ಣು ಮುಚ್ಚಿದ.

ಎಲ್ಲರನ್ನೂ ಹೊರಗೆ ಕಳಿಸಿ, ಗಾಜಿನ ಹಿಂದೆ ನಿಂತು, ಗುಂಡಿ ಒತ್ತಿ ತೆಗೆದಳು. ಕುತ್ತಿಗೆ ಮೂಳೆ ಒಂದೂ ಮುರಿದಿರಲಿಲ್ಲ. ಡ್ಯೂಟಿ ಡಾಕ್ಟರ್ ಅಷ್ಟನ್ನೇ ನೋಡಿ ಉಸಿರು ಬಿಟ್ಟರು. ಹೆಲ್ಮೆಟ್ ತೆಗೆಯೋಣ ಅಂತ ಪಟ್ಟಿಗೆ ಕೈ ಹಾಕಿದರೆ ಬಿಚ್ಚೋದು ಅವರಿಗೆ ಗೊತ್ತಾಗಲಿಲ್ಲ. ಅವಳೇ ಬಿಚ್ಚಿದಳು. ಎರಡೂ ಉಂಗುರದೊಳಗೆ ಹೋಗಿ, ಮಧ್ಯದಿಂದ ಹಿಂದಕ್ಕೆ ಬಂದು, ತುದಿ ಗುಂಡಿಗೆ ಸಿಕ್ಕಿತ್ತು. ಗದ್ದದಡಿ ಸರಿಯಾಗಿ ಎರಡು ಬೆರಳಿನ ಜಾಗ. ಪಟ್ಟಿ ಮಾತ್ರ ತೊಪ್ಪೆಯಾಗಿ ಒದ್ದೆ. ಅವತ್ತು ಒಂದು ಹನಿ ಮಳೆಯೂ ಇರಲಿಲ್ಲ.

ತಮ್ಮನಿಗೆ ಭುಜದ ಮೂಳೆ ಮುರಿದಿತ್ತು, ಅಷ್ಟೇ. ಬೆಳಿಗ್ಗೆ ಅಮ್ಮ ಬಂದು ಅವನ ತಲೆ ನೇವರಿಸಿ, "ನನ್ನ ಬಂಗಾರ, ಹೆಲ್ಮೆಟ್ ಹಾಕ್ಕೊಂಡಿದ್ದಕ್ಕೆ ಬದುಕಿದೆ" ಅಂತ ಗೋಳಾಡಿದರು. ಅವನು ಅಕ್ಕನ ಮುಖ ನೋಡಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಹೂಂ... ತಿರುವು ಬಂತಲ್ಲ, ನಾನೇ ನಿಲ್ಲಿಸಿ ಹಾಕ್ಕೊಂಡೆ" ಅಂದ.

"ನೀನೇ ಹಾಕ್ಕೊಂಡ್ಯಾ?" ಅವಳು ಸವೆದ ಹೆಲ್ಮೆಟ್ಟನ್ನು ಅವನ ಮಡಿಲಲ್ಲಿಟ್ಟಳು. "ಎಲ್ಲಿ, ಈ ಉಂಗುರ ಸೇರಿಸಿ ತೋರಿಸು. ಒಂದು ಕೈ ಚೆನ್ನಾಗಿದೆಯಲ್ಲ. ಪಟ್ಟಿಯ ಇನ್ನೊಂದು ತುದಿ ನಾನು ಹಿಡೀತೀನಿ."

ಅವನು ಪಟ್ಟಿ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಒಂದು ಉಂಗುರದೊಳಗೆ ತೂರಿಸಿದ. ಜಾರಿತು.

"ಏ, ಮಗುವಿಗೆ ಸುಸ್ತಾಗಿದೆ, ಸುಮ್ನಿರೇ!" ಅಂದರು ಅಮ್ಮ. "ಎಲ್ಲ ನಿನ್ನ ಆ ಗಾಡಿಯಿಂದಲೇ ಆಗಿದ್ದು."

ಅವಳು ಹೆಲ್ಮೆಟ್ಟನ್ನು ವಾಪಸ್ ಎತ್ತಿಕೊಂಡಳು. ಹೇಳಿ ಏನು ಪ್ರಯೋಜನ?

ಮಧ್ಯಾಹ್ನ ದೊಡ್ಡ ಡಾಕ್ಟರ್ ಕರೆಸಿದರು. ರಾತ್ರಿ ತೆಗೆದ ಎಕ್ಸ್‌ರೇಗಳನ್ನೆಲ್ಲ ಮಾರನೇ ದಿನ ಮತ್ತೊಮ್ಮೆ ನೋಡೋದು ಅವರ ಕೆಲಸ. ಮುಖ ಗಂಟಿಕ್ಕಿತ್ತು.

"ನಿಮ್ಮ ತಮ್ಮ ಅಂತ ಗೊತ್ತು. ಗಾಬರಿಯಾಗಿರುತ್ತೆ, ಒಪ್ತೀನಿ. ಆದ್ರೆ ಎಕ್ಸ್‌ರೇ ತೆಗೆಯೋವಾಗ ಪೇಷಂಟನ್ನ ಹಿಡ್ಕೊಂಡು ಯಾರೂ ಒಳಗೆ ನಿಲ್ಲಬಾರದು ಅಂತ ನಿಮಗೆ ನಾನು ಹೇಳಿಕೊಡಬೇಕಾ?"

"ಯಾರೂ ಇರಲಿಲ್ಲ ಸರ್. ನಾನು ಗಾಜಿನ ಆಚೆ ಇದ್ದೆ."

"ಹಾಗಾದ್ರೆ ಇದೇನು?"

ಪರದೆಯನ್ನು ಅವಳ ಕಡೆ ತಿರುಗಿಸಿದರು. ಸಾಲಾಗಿ ಕುತ್ತಿಗೆ ಮೂಳೆ. ಮೇಲೆ ದವಡೆ. ದವಡೆಯ ಕೆಳಗೆ ಹೊಳೆಯುವ ಎರಡು ಉಂಗುರ. ಆ ಉಂಗುರದ ಪಕ್ಕದಲ್ಲೇ, ಪಟ್ಟಿಯ ತುದಿ ಹಿಡಿದ ಹಾಗೆ... ಒಂದು ಹೆಬ್ಬೆರಳಿನ ಮೂಳೆ, ಒಂದು ತೋರುಬೆರಳಿನ ಮೂಳೆ.

ತಮ್ಮನ ಕೈಗಳೆರಡನ್ನೂ ಅವಳೇ ಸೊಂಟದ ಪಕ್ಕಕ್ಕೆ ಪಟ್ಟಿ ಬಿಗಿದು ಕಟ್ಟಿದ್ದಳು.

"ಇನ್ನೊಮ್ಮೆ ಹೀಗಾಗಬಾರದು" ಅಂದರು ದೊಡ್ಡ ಡಾಕ್ಟರ್.

"ಆಗಲಿ ಸರ್" ಅಂದಳು.

ಇಷ್ಟು ಹೇಳುವಾಗ ಈಗಲೂ ಅವಳ ದನಿಯಲ್ಲಿ ಹೆದರಿಕೆಗಿಂತ ಸಿಟ್ಟೇ ಜಾಸ್ತಿ. ಯಾರದೋ ಕೈಗೋಸ್ಕರ ನಾನು ಬೈಸಿಕೊಂಡೆ ಅಂತ. ನಂಬಿಕೆ ಇಲ್ಲದಿದ್ದರೆ ನಾಳೆಯೇ ಕರೆದುಕೊಂಡು ಹೋಗ್ತೀನಿ, ಅವಳನ್ನೇ ಕೇಳಿ. ಒಂದು ಅಕ್ಷರ ನಾನು ಸೇರಿಸಿಲ್ಲ. ಬೆರಳು ನೋಡಿ ಬೈದ ಆ ಡಾಕ್ಟರು ಇನ್ನೊಂದನ್ನು ಗಮನಿಸಲೇ ಇಲ್ಲವಂತೆ. ಅವಳು ಗಮನಿಸಿದಳು.

ಚಿತ್ರ ಸಾಕಷ್ಟು ಅಗಲವಾಗಿಯೇ ಇತ್ತು. ಆ ಬೆರಳುಗಳ ಹಿಂದೆ ತೋಳಿನ ಮೂಳೆ ಇರಲಿಲ್ಲ.